ಫ್ಲಾಸ್ಕಿಗೊಂದು ಕುಲಾವಿ

ಗಾಬರಿಯಾದಾಗ ಕೆಲವರು ನೀರು ಕುಡಿಯುತ್ತಾರೆ, ಕೆಲವರು ದೇವರ ಮುಂದೆ ಹೋಗಿ ನಿಲ್ಲುತ್ತಾರೆ, ನಮ್ಮ ಯಜಮಾನರಂಥವರು ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ. ನಾನು ಉಲ್ಲನ್ ಹೆಣೆಯುತ್ತೇನೆ. ಇದು ಕಲೆಯಲ್ಲ, ಕಾಯಿಲೆ ಎಂದು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಮ್ಮ ಮನೆಗೆ ಬಂದವರು ಟೀವಿಯ ಹೊದಿಕೆ, ಮಿಕ್ಸಿಯ ಮುಸುಕು, ಗ್ಯಾಸ್ ಸಿಲಿಂಡರಿನ ಲಂಗ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿ, "ಅಬ್ಬಾ, ಎಷ್ಟು ತಾಳ್ಮೆ ನಿಮಗೆ!" ಎನ್ನುತ್ತಾರೆ. ತಾಳ್ಮೆಯೂ ಇಲ್ಲ, ಮಣ್ಣೂ ಇಲ್ಲ. ಟೀವಿಯ ಹೊದಿಕೆ ಯಜಮಾನರ ಅಪೆಂಡಿಕ್ಸ್ ಆಪರೇಷನ್ನಿನ ಕಾಲದ್ದು. ಮಿಕ್ಸಿಯ ಮುಸುಕು ನನಗೆ ಎಚ್.ಡಿ. ಕೋಟೆಯ ಆಚೆ ಎಲ್ಲಿಗೋ ವರ್ಗವಾಗುತ್ತದೆ ಎಂದು ಸುದ್ದಿ ಹಬ್ಬಿದ್ದಾಗಿನದು. ವರ್ಗವಾಗಲಿಲ್ಲ, ಅಷ್ಟರಲ್ಲಿ ಮಿಕ್ಸಿಗೆ ಮುಸುಕು ಬಂದಿತ್ತು. ಸಿಲಿಂಡರಿನ ಲಂಗ ಎಸ್ಸೆಸ್ಸೆಲ್ಸಿ ಫಲಿತಾಂಶದ್ದು. ನನ್ನ ಫಲಿತಾಂಶವಲ್ಲ, ನನ್ನ ಶಾಲೆಯ ಮಕ್ಕಳದು. ಅವರು ಆರಾಮವಾಗಿ ಲಗೋರಿ ಆಡಿಕೊಂಡಿದ್ದರು.

ಹುಣಸೂರಿನಲ್ಲಿ ಇಷ್ಟೊಂದು ಉಲ್ಲನ್ನಿಗೆ ತಕ್ಕ ಚಳಿಯೂ ಇಲ್ಲ. ಸಂಕ್ರಾಂತಿ ಕಳೆದರೆ ಚಳಿಯ ಕಥೆ ಮುಗಿಯಿತು, ನನ್ನ ಗಾಬರಿ ಮಾತ್ರ ವರ್ಷವಿಡೀ ಇರುತ್ತದೆ. ಪಿರಿಯಾಪಟ್ಟಣ ದಾಟಿದರೆ ಟಿಬೆಟಿನವರ ಕ್ಯಾಂಪು; ಅಲ್ಲಿನ ಒಬ್ಬ ಅಜ್ಜಿಯ ಹತ್ತಿರ ನಾನು ಉಲ್ಲನ್ ತರುತ್ತಿದ್ದೆ. ಆ ಅಜ್ಜಿ ಪ್ರತಿ ಸಲವೂ ನನ್ನ ಕೈಕೆಲಸವನ್ನು ಎಳೆದು ನೋಡಿ, "ಟೈಟ್, ಟೈಟ್" ಎಂದು ತಲೆಯಾಡಿಸುತ್ತಿದ್ದರು. ನಿಜ. ಗಾಬರಿಯಲ್ಲಿ ಹೆಣೆದರೆ ಕುಣಿಕೆಗಳು ಬಿಗಿಯಾಗುತ್ತವೆ. ನಮ್ಮ ಮಗನಿಗೆ ಹೆಣೆದ ಒಂದು ಸ್ವೆಟರನ್ನು ಅವನ ತಲೆಯಿಂದ ತೆಗೆಯಲು ನಾನೂ ಯಜಮಾನರೂ ಒಂದೊಂದು ಕಡೆ ನಿಂತು ಎಳೆದಿದ್ದೆವು. ಅವನು ಆಮೇಲೆ ಓದಲು ಮೈಸೂರಿನ ಸೋದರಮಾವನ ಮನೆಗೆ ಹೋದ. ಸ್ವೆಟರಿಗೂ ಅದಕ್ಕೂ ಸಂಬಂಧವಿಲ್ಲ ಎಂದುಕೊಂಡಿದ್ದೇನೆ.

ಹೊಟ್ಟೆಪಾಡಿಗೆ ನಾನು ವಿಜ್ಞಾನದ ಟೀಚರ್. ಶಾಲೆ ಕಂಪಲಾಪುರದಲ್ಲಿ, ಮನೆ ಹುಣಸೂರಿನಲ್ಲಿ, ಮಧ್ಯೆ ಬಸ್ಸು. ಮೂಢನಂಬಿಕೆ ಬೇಡ, ಕಣ್ಣಿಂದ ಗಮನಿಸಿ, ಪರೀಕ್ಷಿಸಿ, ಆಮೇಲೆ ನಂಬಿ ಎಂದು ಮಕ್ಕಳಿಗೆ ಗಂಟಲು ಹರಿಯುವಂತೆ ಹೇಳುತ್ತೇನೆ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ಆ ಕಡೆ ಏನೋ ಕೆಲಸವಿದೆ ಎಂದರ್ಥ, ಅಷ್ಟೇ ಎಂದು ಒಮ್ಮೆ ಬೆಳಿಗ್ಗೆ ಪಾಠ ಮಾಡಿದ್ದೆ. ಅದೇ ಸಂಜೆ ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಒಂದು ಬೆಕ್ಕು ಅಡ್ಡ ಬಂತು. ನಾನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ ನಿಂತು, ಯಾರಾದರೂ ಮುಂದೆ ಹೋಗಲಿ ಎಂದು ಕಾದೆ. ಮುಂದೆ ಹೋದವರು ನಮ್ಮ ಹೆಡ್ಮಾಸ್ಟರು. ಅವರೂ ಯಾರಿಗೋ ಕಾಯುತ್ತಿದ್ದರೆಂದು ಕಾಣುತ್ತದೆ, ಬಹಳ ಹೊತ್ತು ಹಿಂದೆ ಮುಂದೆ ನೋಡಿಯೇ ಹೋದರು.

ಇಂಥ ನನ್ನ ಬಾಳಿನಲ್ಲಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ನನ್ನ ನಾದಿನಿ ಜಯ ಬಸುರಿಯಾದಳು. ಅವಳನ್ನು ಕೆ.ಆರ್. ನಗರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದೆವು. ಮದುವೆಯಾಗಿ ವರ್ಷಗಳು ಕಳೆದಿದ್ದವು. ಎರಡು ಸಲ ಆಸೆ ಹುಟ್ಟಿ, ಎರಡು ಸಲವೂ ಮಗು ಕೈಗೆ ಬರದೆ ಹೋಗಿತ್ತು. ಎರಡನೆಯ ಸಲವಂತೂ ತಿಂಗಳುಗಳು ತುಂಬುತ್ತ ಬಂದಿದ್ದಾಗ. ಅದಾದ ಮೇಲೆ ನಮ್ಮ ಮನೆಯಲ್ಲಿ ಮಗು ಎಂಬ ಮಾತನ್ನು ಯಾರೂ ಹಗುರವಾಗಿ ಆಡುತ್ತಿರಲಿಲ್ಲ; ಪಕ್ಕದ ಮನೆಯಲ್ಲಿ ಕೂಸು ಅತ್ತರೆ ಅತ್ತೆ ಎದ್ದು ಹೋಗಿ ರೇಡಿಯೋ ಹಾಕುತ್ತಿದ್ದರು. ಮೂರನೆಯ ಸಲ ಸುದ್ದಿ ಬಂದಾಗ ಅವರು ನಗಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡರು. ಓಡಾಟ ಕೂಡದು ಎಂದು ಡಾಕ್ಟರು ಹೇಳಿದ್ದರಿಂದ ಜಯಳನ್ನು ಬಹಳ ಮೊದಲೇ ತವರಿಗೆ, ಅಂದರೆ ನಮ್ಮ ಮನೆಗೆ, ಕರೆದುಕೊಂಡು ಬಂದೆವು.

ಅವಳು ಬಂದ ದಿನವೇ ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. ಹಿತ್ತಿಲಿನ ಕೊಟ್ಟಿಗೆಯಲ್ಲಿ ಅವರ ಎಮ್ಮೆ ಗೌರಿ ಇತ್ತು. ಮುಖ್ಯವಾದ ಮಾತುಗಳನ್ನು ಅತ್ತೆ ಗೌರಿಯ ಮುಂದೆಯೇ ಆಡುತ್ತಿದ್ದುದು. "ನೋಡವ್ವ ಕಮಲ, ಒಂದ್ ಮಾತು ಯೋಳ್ತೀನಿ. ಮಗು ಅಳೋ ಸದ್ದು ನನ್ ಕಿವಿಗೆ ಬೀಳೋಗಂಟ ಈ ಮನೇಲಿ ಒಂದ್ ಚೂರು ಬಟ್ಟೆ ತರಂಗಿಲ್ಲ, ಒಲಿಯಂಗಿಲ್ಲ. ತೊಟ್ಲು ಅಟ್ಟದ ಮೇಲೇ ಇರ್ಲಿ. ಎಸ್ರು ಗಿಸ್ರು ಇಡೋ ಮಾತು ಯಾರೂ ಎತ್ಬ್ಯಾಡಿ" ಎಂದರು. ಆಮೇಲೆ ನನ್ನ ಕೈಗಳನ್ನು ನೋಡಿ, "ಆ ಕಡ್ಡಿಗೋಳ್ನೂ ವಸಿ ಒಳೀಕ್ ಮಡಗು" ಎಂದರು. ಈ ವಿಷಯಕ್ಕೆ ಕನ್ನಡದಲ್ಲಿ ಒಂದು ಗಾದೆಯೇ ಇದೆ. ನಾನು ಅದನ್ನಿಲ್ಲಿ ಹೇಳುವುದಿಲ್ಲ. ಆ ಕೆಲವು ತಿಂಗಳಲ್ಲಿ ಅದನ್ನು ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ, ನಿಮಗಂತೂ ಗೊತ್ತೇ ಇರುತ್ತದೆ.

ಯೋಚಿಸಿ ನೋಡಿ. ಮನೆಯಲ್ಲಿ ಇಷ್ಟು ದೊಡ್ಡ ಗಾಬರಿ ಕಾಲು ಚಾಚಿ ಕೂತಿದೆ, ನನ್ನ ಕೈಗೆ ಕಡ್ಡಿ ಇಲ್ಲ. ಕುಡುಕನನ್ನು ಹೆಂಡದಂಗಡಿಯ ಎದುರು ಮನೆಗೆ ಬಾಡಿಗೆಗೆ ಕಳಿಸಿದ ಹಾಗಾಯಿತು. ಅವರೆಕಾಯಿ ಬಿಡಿಸಿದೆ. ಅಕ್ಕಿಯಲ್ಲಿ ಇಲ್ಲದ ಕಲ್ಲು ಹುಡುಕಿದೆ. ಜಯ ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ ನಿಂತು ಕೆಮ್ಮುತ್ತಿದ್ದೆ, ಅವಳು ಒಳಗಿನಿಂದ, "ಇದೀನಿ ಅತ್ತಿಗೆ, ಇಲ್ಲೇ ಇದೀನಿ" ಎನ್ನುತ್ತಿದ್ದಳು. ಕೊನೆಗೆ, ಅತ್ತೆ ಹೇಳಿದ್ದು ಈ ಮನೇಲಿ ಎಂದು ತಾನೇ, ಬಸ್ಸು ಮನೆಯಲ್ಲವಲ್ಲ ಎಂಬ ಒಂದು ದುಷ್ಟ ಆಲೋಚನೆ ಬಂತು. ಮಾರನೆಯ ದಿನ ಟಿಫನ್ ಕ್ಯಾರಿಯರಿನ ಕೆಳಗೆ ಹಳದಿ ಉಲ್ಲನ್ನಿನ ಉಂಡೆಯೂ ಎರಡು ಕಡ್ಡಿಯೂ ಕಂಪಲಾಪುರದ ಬಸ್ಸು ಹತ್ತಿದವು. ಏನು ಹೆಣೆಯುತ್ತೇನೆಂದು ನಾನು ಅಂದುಕೊಂಡಿರಲಿಲ್ಲ, ದೇವರಾಣೆಗೂ ಇಲ್ಲ. ಸುಮ್ಮನೆ ಒಂದು ಸೀದಾ, ಒಂದು ಉಲ್ಟಾ. ಆದರೆ ಕೈಗೆ ಅದರದೇ ಬುದ್ಧಿಯಿದೆ. ಕೆಲವೇ ದಿನಗಳಲ್ಲಿ ಅದು ದುಂಡಗಾಯಿತು, ಎರಡು ಕಡೆ ಕಿವಿ ಮುಚ್ಚುವಂತೆ ಇಳಿಯಿತು, ಗಲ್ಲದ ಕೆಳಗೆ ಕಟ್ಟಲು ದಾರವನ್ನೂ ಕೇಳತೊಡಗಿತು.

ಅದೇ ಬಸ್ಸಿಗೆ ಬರುವ ಅಂಗನವಾಡಿ ಟೀಚರ್ ಪುಟ್ಟತಾಯಮ್ಮ ಪಕ್ಕದಲ್ಲೇ ಕೂತು ಎಲ್ಲ ನೋಡುತ್ತಿದ್ದರು. "ಯಾರ್ಗೆ ಮೇಡಂ?" ಎಂದರು.

"ಸುಮ್ನೆ" ಎಂದೆ.

"ಸುಮ್ನೆಗೂ ಒಂದ್ ತಲೆ ಬೇಕಲ್ವರಾ?"

ನಾನು ಕಿಟಕಿಯಿಂದಾಚೆ ಹೊಗೆಸೊಪ್ಪಿನ ಹೊಲಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ಪುಟ್ಟತಾಯಮ್ಮ ಬಿಡುವವರಲ್ಲ. ಕುಲಾವಿಯನ್ನು ತೆಗೆದುಕೊಂಡು ತಮ್ಮ ಮುಷ್ಟಿಯ ಮೇಲೆ ಹಾಕಿ ನೋಡಿ, "ಚಿಕ್ದಾಯ್ತದೆ ಕಣ್ರೀ ಮೇಡಂ. ಯಾವ್ ತಲೇನೇ ಆಗ್ಲಿ, ಚಿಕ್ದಾಯ್ತದೆ" ಎಂದು ಹಿಂದಕ್ಕೆ ಕೊಟ್ಟರು. ಅಲ್ಲಿಗೆ ನನಗೆ ಇನ್ನೊಂದು ಚಿಂತೆ ಅಂಟಿಕೊಂಡಿತು. ಆಗತಾನೇ ಹುಟ್ಟಿದ ಮಗುವಿನ ತಲೆ ಎಷ್ಟಿರುತ್ತದೆ? ನನ್ನ ಮಗ ಹುಟ್ಟಿದಾಗ ನೋಡಿದ್ದೆ, ಆದರೆ ಅಳತೆ ತೆಗೆಯುವ ಸ್ಥಿತಿಯಲ್ಲಿ ಆಗ ನಾನಿರಲಿಲ್ಲ.

ಶಾಲೆಗೆ ರಜೆಯಿದ್ದ ಒಂದು ಶುಕ್ರವಾರ ಬೆಳಿಗ್ಗೆ ಅತ್ತೆ ಹಾಲು ಕರೆಯಲು ಹೋಗಿದ್ದರು. ಅಡುಗೆಮನೆಯ ಮೂಲೆಯಲ್ಲಿ ಒಂದು ತೆಂಗಿನಕಾಯಿ ಇತ್ತು. ಹೆಚ್ಚು ಕಡಿಮೆ ಅಷ್ಟೇ ಇರಬೇಕು ಎನ್ನಿಸಿ ಅದಕ್ಕೆ ಕುಲಾವಿ ಹಾಕಿ, ದಾರ ಕಟ್ಟಿ, ದೂರ ನಿಂತು ನೋಡಿದೆ. ಅದು ಅಷ್ಟು ಮುದ್ದಾಗಿ ಕಾಣಬಾರದಾಗಿತ್ತು. ಹಳದಿ ಅಂಚಿನ ಕೆಳಗಿನಿಂದ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು. ನನಗೆ ಏನೋ ಆಗಿ, ಸುಳ್ಳೇಕೆ ಹೇಳಲಿ, ಎತ್ತಿಕೊಂಡೆ. ಅಷ್ಟರಲ್ಲಿ ಅತ್ತೆಯ ಕಾಲಿನ ಸದ್ದು. ಕುಲಾವಿಯನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವರು ಬಂದವರೇ ನನ್ನ ಕೈಯಲ್ಲಿದ್ದ ಕಾಯಿಯನ್ನು ತೆಗೆದುಕೊಂಡು, "ಒಳ್ಳೇದಾಯ್ತು, ಕೊಡವ್ವ, ಪೂಜೆಗೆ ಒಡೀಬೇಕು" ಎಂದರು.

"ಅತ್ತೆ, ಆ ಕಾಯಿ ಬೇಡ!"

"ಯಾಕ್ ಬ್ಯಾಡ?"

"ಅದು... ಕೆಟ್ಟಿದೆ ಅನ್ಸುತ್ತೆ."

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು ಎಂಥ ಮಾತಾಡಿದೆನೆಂದು. ಅತ್ತೆಯ ಮುಖ ಸಣ್ಣದಾಯಿತು. ಮನೆಯಲ್ಲಿ ತುಂಬಿದ ಬಸುರಿ ಇದ್ದಾಳೆ, ಪೂಜೆಯ ಕಾಯಿ ಕೆಟ್ಟಿದ್ದರೆ? ಬೇಡ ಎಂದು ಪಕ್ಕಕ್ಕಿಟ್ಟರೆ ಹೆದರಿದಂತಾಯಿತು, ಒಡೆದು ಕೆಟ್ಟು ಬಂದರೆ ಮುಗಿದೇ ಹೋಯಿತು. ಅತ್ತೆ ಕಣ್ಣು ಮುಚ್ಚಿ ಒಡೆದರು. ನಾನೂ ಕಣ್ಣು ಮುಚ್ಚಿದ್ದೆ. "ಎಲ್ಲಿ ಕೆಟ್ಟದೆ? ನೋಡು, ಮಲ್ಲಿಗೆ ಊವಂಗದೆ!" ಎಂದ ಅವರ ದನಿ ಕೇಳಿದ ಮೇಲೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಗಮನಿಸಿ, ಪರೀಕ್ಷಿಸಿ, ಆಮೇಲೆ ನಂಬಿ ಎಂದು ಪಾಠ ಹೇಳುವವಳು ನಾನೇ. ಮಧ್ಯಾಹ್ನ ಆ ಕಾಯಿಯ ಚಟ್ನಿ ಮಾಡಿದರು. ನಾನು ಬರೀ ಮಜ್ಜಿಗೆಯಲ್ಲಿ ಊಟ ಮುಗಿಸಿದೆ.

ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕುಲಾವಿ ಆ ದಿನವೇ ನನ್ನ ಮಾನ ತೆಗೆಯಿತು. ಜಯಳಿಗೆ ಬಿಸಿನೀರು ಕೊಡಲು ಬಗ್ಗಿದೆ, ಅದು ಜಾರಿ ಅತ್ತೆಯ ಕಾಲ ಬುಡದಲ್ಲೇ ಬಿತ್ತು. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. "ಏನಮ್ಮಿ ಇದು?" ಎಂದರು. ಜಯ ಮಂಚದ ಮೇಲೆ ಎದ್ದು ಕೂತಳು. ನನ್ನ ಕೈಯಲ್ಲಿದ್ದುದು ಬಿಸಿನೀರಿನ ಫ್ಲಾಸ್ಕ್. ಬಗ್ಗಿ ಎತ್ತಿಕೊಂಡು, ಆ ಕುಲಾವಿಯನ್ನು ಫ್ಲಾಸ್ಕಿನ ತಲೆಗೆ ಎಳೆದು ಕೂರಿಸಿದೆ. ಏನು ಹೇಳಲಿ, ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. "ಫ್ಲಾಸ್ಕಿಗೆ ಅತ್ತೆ. ನೀರು ಬೇಗ ಆರಿಹೋಗ್ತಿತ್ತಲ್ಲ, ಅದಕ್ಕೆ" ಎಂದೆ. ಫ್ಲಾಸ್ಕಿನ ಎರಡು ಗಾಜುಗಳ ನಡುವೆ ಗಾಳಿ ಇರುವುದಿಲ್ಲ, ಆದ್ದರಿಂದ ಬಿಸಿ ಹೊರಗೆ ಹೋಗುವುದಿಲ್ಲ, ಅದಕ್ಕೆ ಯಾವ ಟೋಪಿಯೂ ಬೇಡ ಎಂದು ಅದೇ ವಾರ ಚಿತ್ರ ಬರೆದು ಪಾಠ ಮಾಡಿದ್ದೆ.

"ದಾರ ಯಾಕೆ?" ಎಂದರು ಅತ್ತೆ.

"ಬೀಳಬಾರದಲ್ಲ."

"ಕಿವಿ?"

"ಅದು... ಡಿಸೈನು."

ಅತ್ತೆ ಫ್ಲಾಸ್ಕನ್ನು ಒಂದು ಸುತ್ತು ತಿರುಗಿಸಿ ನೋಡಿ, "ಊಂ, ಫ್ಲಾಸ್ಕಿಗೆ ಅಂದ್ರೆ ಫ್ಲಾಸ್ಕಿಗೆ ಬುಡು" ಎಂದು ಕೊಟ್ಟಿಗೆಗೆ ಹೊರಟುಹೋದರು. ಅಂದಿನಿಂದ ಆ ಫ್ಲಾಸ್ಕ್ ಹಳದಿ ಕುಲಾವಿ ಕಟ್ಟಿಕೊಂಡೇ ಬಾಳಿತು. ತೆಗೆದರೆ ಸುಳ್ಳು ಬಯಲಾಗುತ್ತದಲ್ಲ. ಯಜಮಾನರ ಗೊಬ್ಬರದ ಅಂಗಡಿಗೆ ಕಾಫಿ ಕಳಿಸುವಾಗಲೂ ಹಾಗೆಯೇ ಕಳಿಸಬೇಕಾಯಿತು. ಸಂಜೆ ಬಂದು ಅವರು, "ಲೇ ಕಮಲ, ಕಾಫಿ ಬಗ್ಗಿಸ್ಕೊಳೋಕೆ ಮುಂಚೆ ಗಂಟು ಬಿಚ್ಚೋದೇ ಒಂದ್ ಕೆಲ್ಸ ಆಗದೆ ಕಣೇ. ಗಿರಾಕಿಗಳು ಇದ್ಯಾರ್ ಮಗು ಅಂತವ್ರೆ" ಎಂದರು. ಅತ್ತೆ ಕೇಳಿಸಿಕೊಂಡಾರೆಂದು ನಾನು ಅವರ ಬಾಯಿಗೆ ಒಂದು ಕೋಡುಬಳೆ ತುರುಕಿದೆ.

ಆ ದಿನಗಳಲ್ಲಿ ಅತ್ತೆಯೂ ಸುಮ್ಮನೆ ಕೂತಿರುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಮಣೆ ಹಾಕಿಕೊಂಡು, ತಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೌದಿ ಹೊಲಿಯುತ್ತಿದ್ದರು. ತೊಳೆದು ತೊಳೆದು ಮೆತ್ತಗಾಗಿದ್ದ ಒಳ್ಳೊಳ್ಳೆಯ ಸೀರೆಗಳು. ಒಂದು ಸಲ ಕೇಳಿದಾಗ, "ಗೌರಿಗೆ ಕಣವ್ವ. ಮುದ್ಕಿಯಾಯ್ತು, ಚಳಿ ತಡೆಯಾಕಿಲ್ಲ" ಎಂದರು. ಎಮ್ಮೆಗೆ ಗೋಣಿತಾಟು ಹೊದಿಸುವುದನ್ನು ನೋಡಿದ್ದೇನೆ, ಸೀರೆಯ ಕೌದಿ ಹೊದಿಸುವುದನ್ನು ಎಲ್ಲೂ ನೋಡಿಲ್ಲ. ಆದರೂ ಅದರ ಬಗ್ಗೆ ಯೋಚಿಸುವ ಪುರುಸೊತ್ತು ನನಗಿರಲಿಲ್ಲ. ನನ್ನ ತಲೆಯ ತುಂಬ ಫ್ಲಾಸ್ಕೇ ಇತ್ತು. ಪಾಪ, ವಯಸ್ಸಾಯಿತು, ಎಮ್ಮೆಯ ಮೇಲೆ ಪ್ರೀತಿ ಹೆಚ್ಚಾಗಿದೆ ಎಂದುಕೊಂಡು ಸುಮ್ಮನಾದೆ.

ದಿನ ತುಂಬುತ್ತ ಬಂದಾಗ ಜಯಳ ಕಾಲು ಊದಿಕೊಂಡವು. ಒಂದು ಮಧ್ಯಾಹ್ನ ಶಾಲೆಗೆ ಫೋನು ಬಂತು, ಬಿ.ಪಿ. ಏರಿದೆ, ನರ್ಸಿಂಗ್ ಹೋಮಿಗೆ ಸೇರಿಸಿದ್ದೇವೆ ಎಂದು. ನಾನು ಹುಣಸೂರಿಗೆ ಬಂದು ಇಳಿದವಳೇ ಸೀದಾ ಅಲ್ಲಿಗೆ ಓಡಿದೆ. ಡಾಕ್ಟರಮ್ಮ, "ಹೆದರಬೇಡಿ, ಎರಡು ದಿನ ಇಟ್ಕೊಂಡು ನೋಡ್ತೀವಿ" ಎಂದರು. ಹೆದರಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ಹೆದರದವರು ಯಾರಿದ್ದಾರೆ? ಬಟ್ಟೆಬರೆ ತರಲು ಮನೆಗೆ ಬಂದವಳಿಗೆ ಮೊದಲು ಕಂಡದ್ದು ಅಡುಗೆಮನೆಯ ಕಟ್ಟೆಯ ಮೇಲೆ ಕುಲಾವಿ ಹಾಕಿಕೊಂಡು ನಿಂತಿದ್ದ ಫ್ಲಾಸ್ಕು. ನಾನೇ, ನಾನೇ ಮಾಡಿದ್ದು ಇದನ್ನೆಲ್ಲ ಎಂದುಕೊಂಡೆ. ಬೇಡ ಬೇಡ ಎಂದರೂ ಮಗು ಹುಟ್ಟುವ ಮುಂಚೆ ಹೆಣೆದವಳು ನಾನು. ಕುಲಾವಿಯನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಇದನ್ನು ಈಗಲೇ ಉಂಡೆ ಮಾಡಿಬಿಡುತ್ತೇನೆ ಎಂದು ಕೊನೆಯ ಎಳೆಯನ್ನು ಹುಡುಕಿ ಹಿಡಿದೆ. ಹಿಡಿದವಳು ಎಳೆಯಲಾರದೆ ಹೋದೆ. ಹೆಣೆಯುವುದೇ ಕೆಟ್ಟದ್ದಾದರೆ, ಹೆಣೆದದ್ದನ್ನು ಬಿಚ್ಚುವುದು ಇನ್ನೆಷ್ಟು ಕೆಟ್ಟದ್ದು? ಬಿಚ್ಚದೆ ಇಟ್ಟರೆ ತಪ್ಪು ಮುಂದುವರಿಯಿತು, ಬಿಚ್ಚಿದರೆ ನನ್ನ ಕೈಯಾರೆ ಬಿಚ್ಚಿದಂತಾಯಿತು. ಅರ್ಧ ಬಿಚ್ಚಿ ಇಡುವುದನ್ನಂತೂ ಯೋಚಿಸಲೂ ಆಗಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ.

ಯಜಮಾನರು ಹುಡುಕಿಕೊಂಡು ಬಂದು ವಿಷಯ ತಿಳಿದು ಬೆಪ್ಪಾದರು. "ನಿನ್ ಉಲ್ಲನ್‌ಗೂ ಅವಳ ಬಿ.ಪಿ.ಗೂ ಏನೇ ಸಂಬಂಧ? ನೀನೇ ಅಲ್ವೇನೇ ಊರ ಮಕ್ಕಳಿಗೆಲ್ಲ ವಿಜ್ಞಾನ ಯೋಳ್ಕೊಡೋಳು?" ಎಂದರು.

"ಊರ ಮಕ್ಕಳ ವಿಷಯ ಬೇರೆ ರೀ, ಇದು ನಮ್ಮನೆ ಮಗು!" ಎಂದು ರೇಗಿದೆ. ಅವರು ಗೋಡೆ ಕಡೆ ತಿರುಗಿದರು. ಕಣ್ಣೊರೆಸಿಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು.

ಬೇರೆ ದಾರಿ ಕಾಣದೆ ಫ್ಲಾಸ್ಕಿಗೆ ಬಿಸಿನೀರು ತುಂಬಿ, ಕುಲಾವಿ ಕಟ್ಟಿ, ನರ್ಸಿಂಗ್ ಹೋಮಿಗೆ ತೆಗೆದುಕೊಂಡು ಹೋದೆ. ಅತ್ತೆ ಮಾತ್ರೆ ತರಲು ಹೊರಗೆ ಹೋಗಿದ್ದರು. ಜಯ ಎಡಮಗ್ಗುಲಾಗಿ ಮಲಗಿದ್ದಳು, ಮುಖ ಊದಿತ್ತು. ಫ್ಲಾಸ್ಕನ್ನು ತನ್ನ ಹತ್ತಿರ ಇಡಲು ಕೈಸನ್ನೆ ಮಾಡಿದಳು. ಕುಲಾವಿಯ ಅಂಚಿನೊಳಗೆ ಬೆರಳು ತೂರಿಸಿ ನೋಡಿ, ಮೆಲ್ಲಗೆ, "ಅತ್ತಿಗೆ, ಫ್ಲಾಸ್ಕಿಂದು ದಾರ ವಸಿ ಸಡಿಲ ಮಾಡಿ. ಗಲ್ಲಕ್ಕೆ ಒತ್ತುತ್ತೆ" ಎಂದಳು.

ಫ್ಲಾಸ್ಕಿಗೆ ಗಲ್ಲ ಎಲ್ಲಿದೆ ಎಂದು ನಾನು ಕೇಳಲಿಲ್ಲ. "ಆಗ್ಲಿ ಜಯ, ಸಡಿಲ ಮಾಡ್ತೀನಿ" ಎಂದೆ. ಅಲ್ಲೇ ಸ್ಟೂಲಿನ ಮೇಲೆ ಕೂತು, ಶಾಲೆಯ ಬ್ಯಾಗಿನಲ್ಲಿದ್ದ ಕಡ್ಡಿ, ಉಲ್ಲನ್ ತೆಗೆದು, ದಾರ ಬಿಚ್ಚಿ, ಇನ್ನಷ್ಟು ಉದ್ದ ಹೆಣೆದು ಸೇರಿಸಿದೆ. ಆ ಟಿಬೆಟಿನ ಅಜ್ಜಿ ನೋಡಿದ್ದರೆ ಮೊದಲ ಸಲ ಒಪ್ಪುತ್ತಿದ್ದರೇನೋ, ಒಂದು ಕುಣಿಕೆಯೂ ಬಿಗಿಯಾಗಿರಲಿಲ್ಲ. ಜಯ ನೋಡುತ್ತ ನೋಡುತ್ತ ನಿದ್ದೆ ಹೋದಳು. ಬಿ.ಪಿ. ಇಳಿಯಿತು, ಆದರೆ ಡಾಕ್ಟರಮ್ಮ ಮನೆಗೆ ಕಳಿಸಲಿಲ್ಲ.

ಹೆರಿಗೆಯಾದದ್ದು ಅದೇ ನರ್ಸಿಂಗ್ ಹೋಮಿನಲ್ಲಿ, ಹಾಡುಹಗಲು, ಬಸ್ ಸ್ಟ್ಯಾಂಡಿನ ಗದ್ದಲ ಕಿಟಕಿಯಿಂದ ಒಳಗೆ ಬರುತ್ತಿರುವಾಗ. ಹೊರಗಿನ ಬೆಂಚಿನ ಮೇಲೆ ಒಂದು ತುದಿಗೆ ಅತ್ತೆ, ಮಡಿಲಲ್ಲಿ ಅವರ ಪ್ಲಾಸ್ಟಿಕ್ ಬುಟ್ಟಿ. ಇನ್ನೊಂದು ತುದಿಗೆ ನಾನು, ಮಡಿಲಲ್ಲಿ ಕಾಫಿ ತುಂಬಿದ ಫ್ಲಾಸ್ಕ್. ಯಜಮಾನರು ಗೋಡೆ ನೋಡುತ್ತ ನಿಂತಿದ್ದರು; ಜಯಳ ಗಂಡ ಸುದ್ದಿ ತಿಳಿದು ಊರಿನಿಂದ ಇನ್ನೂ ಬಸ್ಸಿನಲ್ಲಿ ಬರುತ್ತಿದ್ದರು. ಕೈಗೆ ಕಡ್ಡಿ ಇಲ್ಲದ್ದಕ್ಕೆ ನಾನು ಕುಲಾವಿಯ ದಾರವನ್ನೇ ಗಂಟು ಹಾಕುತ್ತ ಬಿಚ್ಚುತ್ತ ಇದ್ದೆ. ಒಳಗಿನಿಂದ ಜಯ ಕೂಗುವುದು ಕೇಳಿಸುತ್ತಿತ್ತು, ಆಮೇಲೆ ಕೇಳಿಸುವುದು ನಿಂತಿತು. ಆ ನಿಂತ ಹೊತ್ತು ಇದೆಯಲ್ಲ, ಅದನ್ನು ನನ್ನ ಶತ್ರುವಿಗೂ ಬೇಡ ಎನ್ನುತ್ತೇನೆ. ಅತ್ತೆಯ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಬೆಂಚಿನ ಮೇಲೆ ಅವರು ನನ್ನ ಕಡೆಗೆ ಸರಿದರೋ, ನಾನು ಅವರ ಕಡೆಗೆ ಸರಿದೆನೋ, ನಮ್ಮಿಬ್ಬರ ಮೊಣಕೈ ತಾಗಿಕೊಂಡಿದ್ದವು. ಆಗ ಮಗು ಅತ್ತಿತು. ಸಣ್ಣ ಅಳುವಲ್ಲ, ಯಾರ ಮೇಲೋ ಜಗಳಕ್ಕೆ ಬಂದಂಥ ಅಳು.

ಬಾಗಿಲು ತೆರೆದು ನರ್ಸಮ್ಮ ತಲೆ ಹಾಕಿದರು. "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದಾರೆ. ಬಟ್ಟೆ ಕೊಡಿ" ಎಂದು ಕೈ ಚಾಚಿದರು. ನಾವು ಯಾರೂ ಅಲುಗಲಿಲ್ಲ. "ಏನಮ್ಮಾ, ಮಗುಗೆ ಬಟ್ಟೆ ತಂದಿಲ್ವಾ? ಒಂಬತ್ತು ತಿಂಗಳು ಮನೆಮಂದಿಯೆಲ್ಲ ಏನ್ ಮಾಡ್ತಿದ್ರಿ?"

ನಾನು ಅತ್ತೆಯನ್ನು ನೋಡಿದೆ. ಅತ್ತೆ ನನ್ನನ್ನು ನೋಡಲಿಲ್ಲ. ಬುಟ್ಟಿಯೊಳಗೆ ಕೈ ಹಾಕಿ, ಎಲೆಅಡಿಕೆ ಚೀಲ ಸರಿಸಿ, ಅಡಿಯಿಂದ ಮಡಿಸಿದ ಒಂದು ಕೌದಿಯನ್ನು ತೆಗೆದರು. ಬಿಡಿಸಿದರೆ ಎರಡು ಮೊಳವೂ ಇರಲಿಲ್ಲ. ಅಂಚಿಗೆ ಕೆಂಪು ದಾರದಲ್ಲಿ ಒತ್ತೊತ್ತಾಗಿ, ದಾರದ ಗಂಟೂ ಚುಚ್ಚದಂತೆ ಹಾಕಿದ ಹೊಲಿಗೆ. "ಇದು ಎಮ್ಮೇದು ಕಣಮ್ಮ" ಎಂದರು ನರ್ಸಮ್ಮನಿಗೆ, "ಆದ್ರೂ ಚೊಕ್ಕಟವಾಗದೆ. ಒಂದ್ಸಲಾನೂ ಅದ್ಕೆ ಒದ್ಸಿಲ್ಲ."

ನರ್ಸಮ್ಮ ಕೌದಿಯನ್ನೂ ಅತ್ತೆಯನ್ನೂ ನೋಡಿ, ಇನ್ನೇನಾದರೂ ಇದೆಯೇ ಎಂಬಂತೆ ನನ್ನ ಕಡೆ ತಿರುಗಿದರು. ನಾನು ಫ್ಲಾಸ್ಕ್ ಎತ್ತಿ, ಗಲ್ಲದ ಗಂಟು ಬಿಚ್ಚಿ, ಕುಲಾವಿಯನ್ನು ಕಿತ್ತು ಅವರ ಕೈಯಲ್ಲಿಟ್ಟೆ. ಅವರು ಮೂಸಿ ನೋಡಿದರು. "ಕಾಫಿ ವಾಸನೆ ಬರ್ತಿದೆಯಲ್ರೀ!" ಎಂದರು. ಹೇಳುತ್ತ ಹೇಳುತ್ತ ಅದನ್ನು ಎರಡು ಅಂಗೈಗಳ ನಡುವೆ ಹಿಡಿದು, "ಆದರೆ ಬೆಚ್ಚಗಿದೆ, ಇರಲಿ" ಎಂದು ಒಳಗೆ ಹೋದರು.

ಬಾಗಿಲು ಮುಚ್ಚಿದ ಮೇಲೆ ನಾನು ಕೇಳಿದೆ. "ಅತ್ತೆ, ಗೌರಿಗೆ ಅಂತ ಹೇಳಿದ್ರಿ."

"ಗೌರಿಗೇ ಒಲಿದಿದ್ದು. ದಿನಾ ಅವಳ ಮುಂದೆ ಕೂತು, ನಿಂಗೇ ಕಣೇ ನಿಂಗೇ ಕಣೇ ಅಂತ ಬಾಯ್ಬುಟ್ಟು ಯೋಳ್ಕೊಂಡೇ ಒಲಿದಿವ್ನಿ. ನೀನು ಫ್ಲಾಸ್ಕಿಗೆ ಅಂದ್ಯಲ್ಲ, ಅಂಗೇ."

"ನಂದು ನಿಮಗೆ ಗೊತ್ತಿತ್ತಾ?"

"ಕಿವಿ ಮುಚ್ಚೋ ಟೋಪಿ ಯಾವ್ ಫ್ಲಾಸ್ಕಿಗೆ ಆಕ್ತಾರಮ್ಮಿ? ಅವತ್ತೇ ಕಿತ್ತು ಒಲೆಗೆ ಆಕ್ಬೇಕು ಅನ್ಸ್ತು. ಆಮ್ಯಾಕೆ ಅನ್ಕಂಡೆ, ಫ್ಲಾಸ್ಕಿಗೆ ಅಂತ ಬಾಯಲ್ಲಿ ಅಂದೌಳೆ, ಸಾಕು ಬುಡು. ದೇವ್ರೇನ್ ಬಂದು ಅಳತೆ ನೋಡ್ತಾನಾ?" ಎಂದವರು ಸೆರಗು ಬಾಯಿಗೆ ಹಿಡಿದು ನಗತೊಡಗಿದರು. ನಗುತ್ತ ನಗುತ್ತಲೇ ಅವರಿಗೆ ಅಳು ಬಂತು. ನಾನು ಕಾಫಿ ಬಗ್ಗಿಸಿ ಕೊಟ್ಟೆ. ಟೋಪಿ ಇಲ್ಲದ ಫ್ಲಾಸ್ಕಿನಲ್ಲೂ ಅದು ಸುಡುಸುಡು ಇತ್ತು. ಗಮನಿಸಿ ಎಂದು ಜಗತ್ತಿಗೆ ಹೇಳುವ ನಾನು, ಎರಡು ಮೊಳದ ಕೌದಿಯನ್ನು ಎಮ್ಮೆಯದೆಂದು ತಿಂಗಳುಗಟ್ಟಲೆ ನಂಬಿದ್ದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ರಜೆ ಮುಗಿಸಿ ಬಸ್ಸು ಹತ್ತಿದ ದಿನ ಪುಟ್ಟತಾಯಮ್ಮನಿಗೆ ಸಂತೋಷದಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಗಲೇ ಇಲ್ಲ. ಗಂಭೀರವಾಗಿ ಕೇಳಿಸಿಕೊಂಡು, ಕಂಪಲಾಪುರ ಬರುವಷ್ಟರಲ್ಲಿ, "ಮೇಡಂ, ನಮ್ ಸೊಸೆಗೂ ತಿಂಗ್ಳು ನಿಂತದೆ. ನಮ್ ಫ್ಲಾಸ್ಕಿಗೂ ಒಂದ್ ಆಕ್ಕೊಡಿ" ಎಂದರು. ಅಯ್ಯೋ, ಅದೆಲ್ಲ ಸುಳ್ಳು, ನಾನು ಸಿಕ್ಕಿಹಾಕಿಕೊಂಡು ಹೇಳಿದ್ದು ಎಂದೆ. "ಸುಳ್ಳೋ ಗಿಳ್ಳೋ, ಫಲ ಕೊಡ್ತಲ್ವರಾ?" ಎಂದರು. ಹಾಕಿಕೊಟ್ಟೆ. ಅವರ ಮನೆಯ ಮಗು ಗುಂಡುಗುಂಡಾಗಿ ಹುಟ್ಟಿತು. ಅಲ್ಲಿಂದ ಮುಂದೆ ಕೇಳಬೇಡಿ. ಪಿರಿಯಾಪಟ್ಟಣದಿಂದ, ವೀರನಹೊಸಹಳ್ಳಿಯ ಕಡೆಯಿಂದ, ಯಾರು ಯಾರೋ ಫ್ಲಾಸ್ಕ್ ಹಿಡಿದುಕೊಂಡು ಬಂದರು. ಮಗಳು ಬಸುರಿಯಾದರೆ ಮೊದಲು ಫ್ಲಾಸ್ಕಿಗೆ ಕುಲಾವಿ ಹಾಕಬೇಕು, ಬಾಯಿಬಿಟ್ಟು ಫ್ಲಾಸ್ಕಿಗೆ ಎನ್ನಬೇಕು, ಹೆರಿಗೆಯ ತನಕ ತೆಗೆಯಬಾರದು ಎಂದು ಹೆಂಗಸರು ತಮ್ಮತಮ್ಮಲ್ಲಿ ಹೇಳಿಕೊಳ್ಳುತ್ತಿದ್ದುದನ್ನು ಬಸ್ಸಿನಲ್ಲಿ ಕಿವಿಯಾರೆ ಕೇಳಿದ್ದೇನೆ. "ಇಂದಿನ ಕಾಲ್ದಿಂದ್ಲೂ ಬಂದಿರೋ ಸಾಸ್ತ್ರ ಕಣವ್ವ" ಎಂದಳು ಒಬ್ಬಳು. ಹಿಂದಿನ ಕಾಲದಲ್ಲಿ ಫ್ಲಾಸ್ಕ್ ಎಲ್ಲಿತ್ತು ತಾಯಿ ಎಂದು ಕೇಳಬೇಕೆನ್ನಿಸಿತು. ನನ್ನ ಕೈಯಲ್ಲೂ ಅರ್ಧ ಹೆಣೆದ ಒಂದು ಇತ್ತು, ಬಾಯಿ ಮುಚ್ಚಿಕೊಂಡೆ.

ಆ ಮೊದಲ ಫ್ಲಾಸ್ಕ್ ಎಷ್ಟೋ ವರ್ಷದ ಮೇಲೆ ಯಜಮಾನರ ಕೈಯಲ್ಲಿ ಠಳ್ಳೆಂದಿತು. ಹೊಸದನ್ನು ತರಲು ನಾನೇ ಹೋದೆ. ಅಂಗಡಿಯಲ್ಲಿ ಒಂದೊಂದನ್ನೇ ಎತ್ತಿ, ಪರ್ಸಿನಿಂದ ಟೇಪು ತೆಗೆದು ಸುತ್ತಳತೆ ಹಿಡಿದು ನೋಡುತ್ತಿದ್ದೆ. ಅಂಗಡಿಯವರು ಬಹಳ ಹೊತ್ತು ತಡೆದುಕೊಂಡು, "ಎಷ್ಟು ಲೀಟರ್ ಬೇಕು ಮೇಡಂ?" ಎಂದರು. ಲೀಟರಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ಆ ಹೊಸ ಫ್ಲಾಸ್ಕ್ ಈಗ ನನ್ನ ಮುಂದೆಯೇ ಇದೆ. ಇವತ್ತು ಬೆಳಿಗ್ಗೆ ಒಂಬತ್ತನೇ ತರಗತಿಗೆ ಮೂಢನಂಬಿಕೆಯ ಪಾಠ ಮಾಡಿದೆ, ಚೆನ್ನಾಗಿಯೇ ಮಾಡಿದೆ, ಒಂದು ಹುಡುಗಿ ಚಪ್ಪಾಳೆಯನ್ನೂ ತಟ್ಟಿದಳು. ಮನೆಗೆ ಬಂದು, ಕೈಕಾಲು ತೊಳೆದು, ಹಸಿರು ಬಣ್ಣದ ಒಂದು ಚಿಕ್ಕ ಕುಲಾವಿಯ ದಾರವನ್ನು ಗಲ್ಲಕ್ಕೆ ಒತ್ತದ ಹಾಗೆ ಸಡಿಲವಾಗಿ ಕಟ್ಟಿದ್ದೇನೆ. ನಮ್ಮ ಮಗನ ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ, ಸೊಸೆ ಯಾವ ಸುದ್ದಿಯನ್ನೂ ಹೇಳಿಲ್ಲ, ನಾನೂ ಏನನ್ನೂ ಕೇಳಿಲ್ಲ. ಯಾರಿಗೆ ಎಂದು ನೀವೂ ಕೇಳಬೇಡಿ. ಫ್ಲಾಸ್ಕಿಗೆ.